ಆಫ್ ಮಾಡಬಾರದ ಕಾರು

ಮಗಳನ್ನು ಹೆರಿಗೆಗೆ ಸ್ವಂತ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆಂದು ಗುರುರಾಜರು ಹೇಳಿದ್ದು ತಪ್ಪಲ್ಲ. ಸೀಮಂತದ ದಿನ, ಊಟದ ಪಂಕ್ತಿಯಲ್ಲಿ, ಬೀಗಿತ್ತಿಯ ಎದುರಿಗೆ, ಎಪ್ಪತ್ತು ಜನ ಕೇಳುವ ಹಾಗೆ ಹೇಳಿದ್ದು ತಪ್ಪು.

ಬೀಗಿತ್ತಿ ಭಾಗ್ಯಲಕ್ಷ್ಮಿಯವರದು ತುಮಕೂರು. ಅವರ ಮನೆಯ ಎದುರಿಗೇ ಹೆರಿಗೆ ಆಸ್ಪತ್ರೆ; ರಸ್ತೆ ದಾಟಿದರೆ ಡಾಕ್ಟರು. ಚೊಚ್ಚಲು ತವರಿನಲ್ಲೇ ಆಗಲಿ, ಸಂತೋಷ, ಆದರೆ ನಿಮ್ಮ ಬೆಂಗಳೂರಿನಲ್ಲಿ ಹೊತ್ತಿಗೆ ಸರಿಯಾಗಿ ಒಂದು ಆಟೋ ಸಿಗುತ್ತದೆಯೇ ಎಂದು ಆಕೆ ನಯವಾಗಿಯೇ ಕೇಳಿದ್ದರು. ಹೋಳಿಗೆಯ ಮೇಲೆ ತುಪ್ಪ ಬೀಳುತ್ತಿದ್ದ ಆ ಗಳಿಗೆಯಲ್ಲಿ ಗುರುರಾಜರಿಗೆ ಏನನ್ನಿಸಿತೋ, ಎಡಗೈ ಎತ್ತಿ ಘೋಷಿಸಿಬಿಟ್ಟರು.

"ಆಟೋ ಯಾಕೆ? ನನ್ನ ಕಾರಿದೆಯಲ್ಲ. ತಿಪ್ಪಸಂದ್ರದಿಂದ ಕಾಕ್ಸ್ ಟೌನಿಗೆ ಅರ್ಧ ಗಂಟೆ. ನನ್ನ ಮಗಳು ಹೆರಿಗೆಗೆ ಆಟೋದಲ್ಲಿ ಹೋಗೋ ಪ್ರಶ್ನೆಯೇ ಇಲ್ಲ."

ಪಲ್ಯ ಬಡಿಸುತ್ತಿದ್ದ ಹೆಂಡತಿ ಸೀತಾಲಕ್ಷ್ಮಿ ಒಂದು ಕ್ಷಣ ಅವರ ಮುಖ ನೋಡಿ ಮುಂದಿನ ಎಲೆಗೆ ಹೋದರು.

ಗುರುರಾಜರು ಮೂವತ್ತನಾಲ್ಕು ವರ್ಷ ಸರ್ಕಾರಿ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತರಾದವರು. ಬೇರೆಯವರು ಮಾಡಿದ ಸಾಮಾನಿನಲ್ಲಿ ಕೂದಲೆಳೆಯಷ್ಟು ದೋಷ ಹುಡುಕಿ ಕೆಂಪು ಮುದ್ರೆ ಒತ್ತುವುದು ಅವರ ಉದ್ಯೋಗವಾಗಿತ್ತು. (ನಿವೃತ್ತಿಯ ನಂತರ ಅದೇ ವಿದ್ಯೆಯನ್ನು ಮನೆಯ ಉಪ್ಪಿಟ್ಟಿನ ಮೇಲೆ ಪ್ರಯೋಗಿಸಲು ಹೋಗಿ ಒಂದೇ ವಾರದಲ್ಲಿ ಆ ಹುದ್ದೆಯಿಂದ ವಜಾ ಆಗಿದ್ದರು.) ಹಳೆಯ ಸಹೋದ್ಯೋಗಿಯೊಬ್ಬರಿಂದ ಹದಿಮೂರು ವರ್ಷದ ಈ ಬೂದಿ ಬಣ್ಣದ ಸಣ್ಣ ಕಾರನ್ನು ಕೊಳ್ಳುವಾಗ, ಬೇಡ ಎಂದು ಸೀತಾಲಕ್ಷ್ಮಿ ಮೂರು ಸಲ ಹೇಳಿದ್ದರು. ಗುರುರಾಜರು ಟಾರ್ಚು ಹಿಡಿದು, ಗೋಣಿಚೀಲ ಹಾಸಿ, ಕಾರಿನಡಿ ಮಲಗಿ ಎರಡು ದಿನ ತಪಾಸಣೆ ನಡೆಸಿ, ಇದು ಸಂಪೂರ್ಣ ನಿರ್ದೋಷಿ ಎಂದು ತೀರ್ಪು ಕೊಟ್ಟು ಮನೆಗೆ ತಂದಿದ್ದರು. ಆದ್ದರಿಂದ ಈಗ ಆ ಕಾರಿನಲ್ಲಿ ಏನಾದರೂ ದೋಷ ಕಂಡರೆ ಅದು ಕಾರಿನದಲ್ಲ, ಗುರುರಾಜರದು.

ದೋಷ ಕಂಡದ್ದು ಸೀಮಂತವಾಗಿ ಎಂಟನೆಯ ದಿನ. ತಾವು ಇನ್ನೂ ಬದುಕಿದ್ದೇವೆಂದು ಪಿಂಚಣಿಗಾಗಿ ಬ್ಯಾಂಕಿಗೆ ಬರೆದುಕೊಡಲು ಇಂದಿರಾನಗರಕ್ಕೆ ಹೋಗಿದ್ದರು. ಒಳಗೆ ಹದಿನೈದು ನಿಮಿಷದ ಕೆಲಸ. ಬದುಕಿದ್ದೇನೆಂದು ರುಜು ಹಾಕಿ ಹೊರಗೆ ಬಂದು ಕೀ ತಿರುಗಿಸಿದರು. ಎಂಜಿನ್ನು ಕುಯ್ಯೋ ಕುಯ್ಯೋ ಎಂದು ಸುತ್ತಿತೇ ಹೊರತು ಹತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದರು, ಮತ್ತೆ ಕುಯ್ಯೋ. ಹಿಂದೆ ನಿಂತಿದ್ದ ಕಾರಿನವನು ಹಾರ್ನ್ ಒತ್ತಿ ಹಿಡಿದ. ಅವನ ಹಿಂದಿನವನೂ ಒತ್ತಿದ. ಐದೇ ನಿಮಿಷದಲ್ಲಿ ಆ ರಸ್ತೆಯ ಪ್ರತಿಯೊಬ್ಬನೂ ಗುರುರಾಜರು ಬದುಕಿರುವುದರ ಬಗ್ಗೆ ಅಸಮಾಧಾನ ವ್ಯಕ್ತಪಡಿಸುತ್ತಿದ್ದ. ಇಬ್ಬರು ಬಂದು ಕಾರನ್ನು ಪಕ್ಕಕ್ಕೆ ತಳ್ಳಿಕೊಟ್ಟರು. ಗುರುರಾಜರು ಬೆವರು ಒರೆಸಿಕೊಳ್ಳುತ್ತಾ ಮುಕ್ಕಾಲು ಗಂಟೆ ಕೂತು ಸುಮ್ಮನೆ ಒಮ್ಮೆ ಕೀ ತಿರುಗಿಸಿದರೆ, ಏನೂ ಆಗಿಲ್ಲವೆಂಬಂತೆ ಕಾರು ಹೊರಟಿತು.

ಒಂದು ಸಲ ಆಗಿದ್ದರೆ ಕಾಕತಾಳೀಯ ಎನ್ನಬಹುದಿತ್ತು. ಆದರೆ ಅದೇ ವಾರ ಹಲಸೂರಿನ ದೇವಸ್ಥಾನದ ಮುಂದೆ ಹಾಗೇ ಆಯಿತು. ಅದರ ಮರುವಾರ ಕೆ.ಆರ್. ಪುರದ ಸಂತೆ ರಸ್ತೆಯಲ್ಲಿ ಆಯಿತು. ಬೆಳಿಗ್ಗೆ ತಣ್ಣಗಿದ್ದಾಗ ಒಂದೇ ಏಟಿಗೆ ಹೊರಡುವ ಕಾರು, ಓಡಿ ಬಿಸಿಯಾದ ಮೇಲೆ ಆಫ್ ಮಾಡಿದರೆ ಮತ್ತೆ ಏಳುವುದಿಲ್ಲ. ಇದು ಖಚಿತವಾದ ದಿನ ಗುರುರಾಜರು ಕ್ಯಾಲೆಂಡರಿನಲ್ಲಿ ಹೆರಿಗೆಯ ತಾರೀಖು ನೋಡಿದರು. ಕಣ್ಣ ಮುಂದೆ ಬಂದದ್ದು ಕಾರಲ್ಲ, ತುಂಬು ಬಸುರಿ ಮಗಳು ಚಿನ್ಮಯಿ. ಹಲಸೂರು ಕೆರೆಯ ಪಕ್ಕ, ಟ್ರಾಫಿಕ್ಕಿನ ನಡುವೆ, ಹಿಂದಿನ ಸೀಟಿನಲ್ಲಿ ನೋವು ತಿನ್ನುತ್ತಿದ್ದಾಳೆ. ಮುಂದಿನ ಸೀಟಿನಲ್ಲಿ ಅಪ್ಪ ಕುಯ್ಯೋ ಕುಯ್ಯೋ ಎನ್ನಿಸುತ್ತಿದ್ದಾನೆ.

ಮನೆಯಲ್ಲಿ ಹೇಳಿಬಿಡಬಹುದಿತ್ತು. ಹೇಳಲು ಎರಡು ಸಲ ಬಾಯಿ ತೆರೆದೂ ಇದ್ದರು. ಆದರೆ ಮೊದಲ ಸಲ ಸೀತಾಲಕ್ಷ್ಮಿ ಮೆಂತ್ಯದ ಲಾಡು ಕಟ್ಟುತ್ತಾ, ನಿಮ್ಮ ಕಾರು ಇರೋದು ಒಂದು ಧೈರ್ಯ ಕಣ್ರೀ ಎಂದುಬಿಟ್ಟರು. ಮದುವೆಯಾಗಿ ಮೂವತ್ತೆರಡು ವರ್ಷಗಳಲ್ಲಿ ಗಂಡನ ಯಾವುದೇ ವಸ್ತುವಿನ ಬಗ್ಗೆ ಅವರು ಆಡಿದ ಮೊದಲ ಒಳ್ಳೆಯ ಮಾತದು. ಎರಡನೆಯ ಸಲ ಸ್ವತಃ ಭಾಗ್ಯಲಕ್ಷ್ಮಿಯವರೇ ಫೋನಿನಲ್ಲಿದ್ದರು. ಗುರುರಾಜರು ತೆರೆದ ಬಾಯಿಗೆ ಒಂದು ಲಾಡು ಹಾಕಿಕೊಂಡರು.

ಅಂದಿನಿಂದ ಅವರ ಹೊಸ ಜೀವನ ಶುರುವಾಯಿತು. ಆ ಜೀವನಕ್ಕೆ ಇದ್ದದ್ದು ಒಂದೇ ನಿಯಮ: ಆಫ್ ಮಾಡಬಾರದು. ಕರಿಬೇವು ಕೊಳ್ಳುವಾಗ ಎಂಜಿನ್ನು ಓಡುತ್ತಿತ್ತು. ಕ್ಷೌರದಂಗಡಿಯ ಮುಂದೆ ಓಡುತ್ತಿತ್ತು (ಅಂದು ಅರ್ಧ ಮೀಸೆ ಕತ್ತರಿಸಿದ್ದಾಗ ಯಾರೋ ಕಾರು ಮುಟ್ಟಿದಂತಾಗಿ ಎದ್ದು ಓಡಿದ್ದರಿಂದ ಉಳಿದರ್ಧವನ್ನೂ ಕಳೆದುಕೊಳ್ಳಬೇಕಾಯಿತು). ಸಿಗ್ನಲ್ಲಿನಲ್ಲಿ ಕೆಂಪು ದೀಪವಿದ್ದಾಗ ಎಂಜಿನ್ ಬಂದ್ ಮಾಡಿ ಎಂಬ ಫಲಕ ಕಂಡರೆ ಅವರು ಮುಖ ತಿರುಗಿಸುತ್ತಿದ್ದರು. ಪೆಟ್ರೋಲ್ ಬಂಕಿನಲ್ಲಿ ಆಫ್ ಮಾಡದೆ ವಿಧಿಯಿಲ್ಲ. ಅದಕ್ಕಾಗಿ ಬೆಳಿಗ್ಗೆ ಆರಕ್ಕೆ ಎದ್ದು, ಎಂಜಿನ್ನಿಗೆ ಬಿಸಿ ತಾಗುವ ಮೊದಲೇ ತಲುಪಬಹುದಾದ ಬಂಕಿಗೆ ಹೋಗಿ, ಹಾಕಿಸಿಕೊಂಡು, ಕಳ್ಳನ ಹಾಗೆ ಮರಳಿ ಬರುತ್ತಿದ್ದರು. ತರಕಾರಿಗೆ ಹೋಗೋಣ ಎಂದು ಸೀತಾಲಕ್ಷ್ಮಿ ಕರೆದರೆ ಕಾರಿನಲ್ಲೇ ಕೂತು, ನೀನು ಹೋಗಿ ಬಾ, ಇಲ್ಲಿ ಪಾರ್ಕಿಂಗ್ ಸರಿಯಿಲ್ಲ ಎನ್ನುತ್ತಿದ್ದರು. ಖಾಲಿ ಮೈದಾನದ ಪಕ್ಕ ನಿಂತಾಗಲೂ ಹಾಗೇ ಎನ್ನುತ್ತಿದ್ದರು.

ದಿನ ಹತ್ತಿರವಾದಂತೆ ಹೆದರಿಕೆ ಬೆಳೆಯಿತು. ಚಿನ್ಮಯಿ ಸೊಂಟ ಹಿಡಿದು ಅಮ್ಮಾ ಎಂದರೆ, ಅಮ್ಮ ಬಂದು ಮಗಳ ಹಣೆ ಮುಟ್ಟುತ್ತಿದ್ದರು. ಅಪ್ಪ ಓಡಿಹೋಗಿ ಕಾರಿನ ಬಾನೆಟ್ ಮುಟ್ಟುತ್ತಿದ್ದರು. ತಣ್ಣಗಿದ್ದರೆ ಸಮಾಧಾನ. ಬೆಚ್ಚಗಿದ್ದರೆ ಅಲ್ಲೇ ಕುಕ್ಕರಿಸಿ, ದೇವರೇ ಇನ್ನೊಂದು ಮುಕ್ಕಾಲು ಗಂಟೆ ತಡೆ ಎಂದು ಬೇಡಿಕೊಳ್ಳುತ್ತಿದ್ದರು.

ರಿಪೇರಿ ಮಾಡಿಸಲಿಲ್ಲವೇ ಎಂದು ನೀವು ಕೇಳಬಹುದು. ಮಾಡಿಸಲು ಅವರು ಶಿವಾಜಿನಗರದ ಗಲ್ಲಿಯೊಂದರಲ್ಲಿದ್ದ ಅಸ್ಗರನ ಗ್ಯಾರೇಜಿಗೆ ಆರು ಸಲ ಹೋಗಿದ್ದರು. ಅಸ್ಗರ್ ಕೈಗುಣವುಳ್ಳ ಮೆಕ್ಯಾನಿಕ್, ಸುಳ್ಳು ಹೇಳದವನು. ತೊಂದರೆ ಇದ್ದದ್ದು ಕಾರಿನ ನಡತೆಯಲ್ಲಿ. ಮೊದಲ ದಿನ ಬಿಸಿ ಬಿಸಿಯಾಗಿ ಒಯ್ದರೆ, ಅಸ್ಗರನ ಕೈಯಲ್ಲಿ ಬೇರೆ ಗಾಡಿಯಿತ್ತು. ಚಹಾ ಕುಡಿಸಿ, ಒಂದು ಗಂಟೆ ಕೂರಿಸಿ, ಆಮೇಲೆ ಕೀ ತಿರುಗಿಸಿದ. ಕಾರು ಹೂವಿನ ಹಾಗೆ ಹೊರಟಿತು. ಎರಡನೆಯ ದಿನ ಗುರುರಾಜರು ಕಾಯಿಸಬೇಡ ಎಂದು ಗೋಗರೆದರು. ಅಸ್ಗರ್ ಓಡಿಬಂದು ಅಲ್ಲೇ ಆಫ್ ಮಾಡಿ ಅಲ್ಲೇ ಆನ್ ಮಾಡಿದ. ಹೂವಿಗಿಂತ ಚೆನ್ನಾಗಿ ಹೊರಟಿತು. ಹೀಗೆ ಪ್ಲಗ್ ಬದಲಾಯಿತು, ಬ್ಯಾಟರಿ ಬದಲಾಯಿತು, ಪೆಟ್ರೋಲ್ ಪಂಪನ್ನು ಬಿಚ್ಚಿ ತೊಳೆದದ್ದಾಯಿತು. ಕಾರು ಗ್ಯಾರೇಜಿನಲ್ಲಿ ಸಾಧುವಾಗಿಯೂ ರಸ್ತೆಯಲ್ಲಿ ಮೊಂಡಾಗಿಯೂ ಮುಂದುವರಿಯಿತು.

"ಸಾರ್, ಕಾಯಿಲೆ ಇರೋ ಟೈಮಲ್ಲಿ ಪೇಶಂಟ್‌ನ ತೋರಿಸ್ಬೇಕು ಸಾರ್," ಎಂದ ಅಸ್ಗರ್ ಆರನೆಯ ಸಲ. "ಚೆನ್ನಾಗಿರೋವಾಗ ತಂದ್ರೆ ನಾನೇನ್ ಮಾಡ್ಲಿ?"

ಡಾಕ್ಟರು ಕೊಟ್ಟ ತಾರೀಖಿಗೆ ಹನ್ನೊಂದು ದಿನ ಉಳಿದಿತ್ತು. ಗುರುರಾಜರ ದನಿ ಕೇಳಿ ಅಸ್ಗರನಿಗೇ ಮರುಕ ಹುಟ್ಟಿರಬೇಕು. ಅಂದು ಬುಧವಾರ ಮಧ್ಯಾಹ್ನ ಬೇರೆ ಗಾಡಿಗಳನ್ನೆಲ್ಲ ಬಿಟ್ಟು ಅವರ ಪಕ್ಕ ಕೂತ. ಇಬ್ಬರೂ ಊರು ಸುತ್ತಿ ಬಂದು ಕಾರು ಆಫ್ ಮಾಡಿ, ಗಡಿಯಾರ ನೋಡುತ್ತಾ ಕೂತರು. ಒಂದು ನಿಮಿಷಕ್ಕೆ ಸ್ಟಾರ್ಟ್ ಆಯಿತು. ಮತ್ತೆ ಆಫ್ ಮಾಡಿ ಹತ್ತು ನಿಮಿಷ ಬಿಟ್ಟರು. ಕುಯ್ಯೋ ಎಂದಿತು.

ಗುರುರಾಜರಿಗೆ ಅಳುವಷ್ಟು ಸಂತೋಷವಾಯಿತು. ಕಾರು ಕೊನೆಗೂ ಸಾಕ್ಷಿಯ ಎದುರು ಕೆಟ್ಟಿತ್ತು.

ಅಸ್ಗರ್ ಬಾನೆಟ್ ಎತ್ತಿ, ಎಂಜಿನ್ನಿನ ಬದಿಯಲ್ಲಿದ್ದ ಹೆಬ್ಬೆರಳು ಗಾತ್ರದ ಕರಿಯ ತುಂಡೊಂದರ ಮೇಲೆ ತಣ್ಣೀರಿನ ಬಟ್ಟೆ ಇಟ್ಟು ಐದು ನಿಮಿಷ ಕಾದ. ಕೀ ತಿರುಗಿಸಿದರೆ ಕಾರು ಹೊರಟಿತು. ಅದು ಎಂಜಿನ್ನು ತಿರುಗುವುದನ್ನು ಗಮನಿಸಿ ಕಿಡಿ ಹಾರಿಸಲು ಹೇಳುವ ಸೆನ್ಸರ್ ಎಂದೂ, ಮುಪ್ಪಾಗಿ ಬಿಸಿಗೆ ಮೂರ್ಛೆ ಹೋಗುತ್ತಿದೆ ಎಂದೂ, ಓಡುವಾಗ ಗಾಳಿಯಿರುವುದರಿಂದ ಬದುಕಿದ್ದು, ನಿಂತ ಮೇಲೆ ಬಾನೆಟ್ಟಿನೊಳಗೆ ಕೂಡಿಬಿದ್ದ ಕಾವು ಅದಕ್ಕೆ ಏರುತ್ತದೆ ಎಂದೂ ವಿವರಿಸಿದ. ಹೊಸದು ಸಂಜೆಯೋ ನಾಳೆಯೋ ಬರುತ್ತದೆ. ಅಲ್ಲಿಯವರೆಗೆ ಒದ್ದೆ ಬಟ್ಟೆಯೇ ಔಷಧಿ.

ಗುರುರಾಜರು ಆರು ವಾರಗಳ ನಂತರ ಮೊದಲ ಬಾರಿಗೆ ಸಿಳ್ಳೆ ಹಾಕುತ್ತಾ ಮನೆಗೆ ಬಂದರು. ಗೇಟಿನ ಮುಂದೆ ನಿಲ್ಲಿಸಿದರು. ನಾಳೆಗೆ ಸರಿಹೋಗುವ ಕಾರಿಗೆ ಇಂದು ಹೆದರುವುದೇನು ಎಂದು ಎದೆ ಉಬ್ಬಿಸಿ ಆಫ್ ಮಾಡಿದರು. ಫೋನನ್ನು ನಡುಮನೆಯಲ್ಲಿ ಚಾರ್ಜಿಗೆ ಹಾಕಿ, ಕಾಲು ತೊಳೆದು, ಕಾಫಿಯ ಲೋಟ ಕೈಗೆತ್ತಿಕೊಂಡರು. ಕಾರು ನಿಂತು ಹತ್ತು ನಿಮಿಷವಾಗಿತ್ತು.

ಒಳಗಿನ ಕೋಣೆಯಿಂದ ಚಿನ್ಮಯಿಯ ದನಿ ಬಂತು. "ಅಮ್ಮಾ, ನೋವು ಬರ್ತಿದೆ. ಇದು ಬೇರೆ ಥರ ಇದೆ."

ಗುರುರಾಜರು ಕುಡಿಯದ ಕಾಫಿಯನ್ನು ಕೆಳಗಿಟ್ಟು ಕಾರಿನ ಕೀ ಎತ್ತಿಕೊಂಡರು. ಸೀತಾಲಕ್ಷ್ಮಿ ಮಗಳ ಬೆನ್ನು ಸವರಿ, ಗಡಿಯಾರ ನೋಡಿ, ಮತ್ತೊಮ್ಮೆ ನೋವು ಬಂದಾಗ ಇನ್ನೊಮ್ಮೆ ನೋಡಿ, ಹೊರಡೋಣ ಎಂದರು. ಅವರು ಗಾಬರಿಯಾದಂತೆ ಕಾಣಲಿಲ್ಲ. ಮೊದಲೇ ಸಿದ್ಧಮಾಡಿಟ್ಟಿದ್ದ ಆಸ್ಪತ್ರೆಯ ಚೀಲ, ಎರಡು ದಿಂಬು, ಒಂದು ಹಸಿರು ರಗ್ಗು, ಎಲ್ಲವನ್ನೂ ತಂದು ಕಾರಿನ ಹಿಂದಿನ ಸೀಟಿನಲ್ಲಿ ಹಾಕಿ ಬಾಗಿಲು ಮುಚ್ಚಿದರು. ಚಿನ್ಮಯಿ ಗೇಟಿನ ಕಂಬ ಹಿಡಿದು ನಿಂತಳು.

ಗುರುರಾಜರು ಕೂತು ಕೀ ತಿರುಗಿಸಿದರು.

ಕುಯ್ಯೋ.

"ಒಂದೇ ನಿಮಿಷ," ಎಂದರು. ಮತ್ತೆ ತಿರುಗಿಸಿದರು. ಚಿನ್ಮಯಿ ಕಣ್ಣು ಮುಚ್ಚಿ ಉಸಿರು ಬಿಡುತ್ತಿದ್ದಳು. ಗುರುರಾಜರು ಇಳಿದು, ಬಾನೆಟ್ ಎತ್ತಿ, ಬಚ್ಚಲಿಗೆ ಓಡಿ, ಟವೆಲ್ಲನ್ನು ಬಕೆಟ್ಟಿನಲ್ಲಿ ಅದ್ದಿಕೊಂಡು ನೀರು ಸುರಿಸುತ್ತಾ ಬಂದು, ತಲೆಯನ್ನು ಎಂಜಿನ್ನಿನೊಳಗೆ ತೂರಿಸಿದರು. ಕರಿಯ ತುಂಡು ಯಾವುದೆಂದೇ ಕಾಣದು, ಒಳಗಿದ್ದದ್ದೆಲ್ಲ ಕರಿಯದೇ. ಬೆರಳು ಸುಟ್ಟುಕೊಂಡರು. ಕೊನೆಗೆ ಸಿಕ್ಕಿತು. ಟವೆಲ್ಲನ್ನು ಅದರ ಮೇಲೆ ಒತ್ತಿಹಿಡಿದು, ಬೆವರೂ ನೀರೂ ಕಣ್ಣಿಗಿಳಿಯುತ್ತಿದ್ದರೂ ಬಿಡದೆ, ಒಂದು, ಎರಡು ಎಂದು ಎಣಿಸತೊಡಗಿದರು. ಮುನ್ನೂರು ಎಣಿಸಿದರೆ ಐದು ನಿಮಿಷ.

ಎಣಿಕೆ ನಲವತ್ತರ ಹತ್ತಿರ ಇದ್ದಾಗ ಹಿಂದಿನಿಂದ ಸೀತಾಲಕ್ಷ್ಮಿ ಏನೋ ಕರೆದರು. ಗುರುರಾಜರು ತಲೆ ಎತ್ತದೆಯೇ, ಮೊದಲು ನೀವಿಬ್ರೂ ಕೂತ್ಕೊಳ್ಳಿ ಎಂದು ಕೂಗಿದರು. ಸ್ವಲ್ಪ ಹೊತ್ತಿಗೆ ಉತ್ತರ ಬಂತು.

"ಕೂತಾಯ್ತು ರೀ. ಬೇಗ ಬನ್ನಿ."

ಕೂತದ್ದು ನಿಜವೇ. ಎಲ್ಲಿ ಕೂತರು ಎಂಬುದನ್ನು ಎತ್ತಿದ ಬಾನೆಟ್ಟು ಗುರುರಾಜರಿಂದ ಮರೆಮಾಡಿತ್ತು. ರಸ್ತೆಯ ತುದಿಯ ಸ್ಟ್ಯಾಂಡಿನಿಂದ ಮುಬೀನನ ಆಟೋ ಬಂದಿತ್ತು. ಅದು ಹೊಸ ಬ್ಯಾಟರಿ ಆಟೋ, ಬರುವುದೂ ಕೇಳಿಸದು, ಹೋಗುವುದೂ ಕೇಳಿಸದು. ಬೆಕ್ಕಿನ ಹಾಗೆ ಬಂದು, ತಾಯಿ ಮಗಳನ್ನು ಹತ್ತಿಸಿಕೊಂಡು, ಬೆಕ್ಕಿನ ಹಾಗೆಯೇ ಹೊರಟುಹೋಯಿತು.

ಮುನ್ನೂರಕ್ಕೆ ಸರಿಯಾಗಿ ಗುರುರಾಜರು ಬಾನೆಟ್ ಬಡಿದು, ಒಳಗೆ ಹಾರಿ ಕೂತು ಕೀ ತಿರುಗಿಸಿದರು. ಕಾರು ಗುರ್ರೆಂದಿತು. ಗೇರು ಹಾಕಿ ಹೊರಟೇಬಿಟ್ಟರು. ಕನ್ನಡಿಯಲ್ಲಿ ಹಸಿರು ರಗ್ಗಿನ ರಾಶಿಯೊಂದು ಒರಗಿದ್ದು ಕಂಡಿತು. ಮಗಳು ಮಲಗಿದ್ದಾಳೆ, ಸರಿ. ಹೆಂಡತಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಗ್ಗಿರಬೇಕು, ಅದೂ ಸರಿ. ತಿರುಗಿ ನೋಡುವ ಧೈರ್ಯ ಮಾತ್ರ ಇರಲಿಲ್ಲ. ನೋಡಿದರೆ ಸೀತಾಲಕ್ಷ್ಮಿಯ ಕಣ್ಣು ಎದುರಾಗುತ್ತದೆ.

"ಹೆದರ್ಬೇಡ ಚಿನ್ನು," ಎಂದರು. "ಇನ್ನು ಎಲ್ಲೂ ನಿಲ್ಲಿಸಲ್ಲ."

ಹಿಂದಿನಿಂದ ಉತ್ತರವಿಲ್ಲ. ನೋವಿನಲ್ಲಿ ಮಾತು ಹೊರಡದು ಎಂದುಕೊಂಡರು. ಎಂಬತ್ತಡಿ ರಸ್ತೆಗೆ ಬಂದರು. ಹೆಂಡತಿಯಾದರೂ ಒಂದು ಮಾತು ಬಯ್ಯಬಾರದೇ? ಸೀತಾಲಕ್ಷ್ಮಿ ಬಯ್ದರೆ ಅದು ಮಾಮೂಲು, ಸುಮ್ಮನಿದ್ದರೆ ಅನಾಹುತ. ಮೂವತ್ತೆರಡು ವರ್ಷಗಳಲ್ಲಿ ಅವರು ಹೀಗೆ ಸುಮ್ಮನಾದದ್ದು ಎರಡೇ ಸಲ, ಎರಡೂ ಸಲ ಗುರುರಾಜರು ಹೋಟೆಲಿನಲ್ಲಿ ಊಟ ಮಾಡಿದ್ದರು.

ಮೆಟ್ರೋ ಕಂಬಗಳ ಕೆಳಗೆ ಬರುವಷ್ಟರಲ್ಲಿ ಆ ಮೌನವನ್ನು ಅವರಿಗೆ ತಡೆಯಲಾಗಲಿಲ್ಲ. ಬಾಯಿ ಬಿಟ್ಟರು. ನವೆಂಬರಿನಿಂದಲೂ ಕಾರು ಹೀಗೇ ಇದೆ ಎಂದರು. ಮುಚ್ಚಿಟ್ಟದ್ದು ತಪ್ಪೇ, ಆದರೆ ತುಮಕೂರಿನವರ ಮುಂದೆ ಆಡಿದ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು ಎಂದರು. ದೇವಸ್ಥಾನದಲ್ಲಿ ಆ ದಿನ ಮೂರು ಪ್ರದಕ್ಷಿಣೆ ಎಂದದ್ದು ಸುಳ್ಳು, ಮುಕ್ಕಾಲು ಗಂಟೆಯಲ್ಲಿ ಮೂವತ್ತು ಹಾಕಿದ್ದೆ, ಕಾರು ತಣ್ಣಗಾಗಲಿ ಅಂತ ಎಂದರು. ಅರ್ಧ ಮೀಸೆಯ ನಿಜವನ್ನೂ ಹೇಳಿದರು. ಕಾರು ಕೊಳ್ಳುವಾಗ ಅದರಡಿ ಎರಡು ದಿನ ಮಲಗಿದ್ದೆನಲ್ಲ, ಎರಡನೆಯ ದಿನ ನಿದ್ದೆ ಬಂದುಬಿಟ್ಟಿತ್ತು ಎಂಬುದನ್ನೂ ಒಪ್ಪಿಕೊಂಡರು.

"ಸೀತಾ, ಏನಾದ್ರೂ ಅನ್ನು," ಎಂದರು ಕೊನೆಗೆ. "ಬಯ್ದಾದ್ರೂ ಬಿಡು."

ರಗ್ಗು ಸುಮ್ಮನಿತ್ತು.

ಆಗ ಅವರಿಗೆ ಬೇರೆಯೇ ಹೆದರಿಕೆ ಹತ್ತಿತು. ಇದು ಕೋಪವಲ್ಲ. ಚಿನ್ಮಯಿಗೆ ಎಚ್ಚರ ತಪ್ಪಿದೆ. ಅದನ್ನು ನೋಡಿ ತಾಯಿಗೂ ತಪ್ಪಿದೆ. ಕ್ಲಚ್ಚು ಯಾವುದು ಬ್ರೇಕು ಯಾವುದು ತಿಳಿಯದಾಯಿತು. ಹಲಸೂರಿನ ಸಿಗ್ನಲ್ಲಿನಲ್ಲಿ ಮುಂದೆ ಬಸ್ಸು, ಎಡಕ್ಕೆ ಬಸ್ಸು, ಕೆಂಪು ದೀಪದ ಪಕ್ಕದಲ್ಲಿ ನೂರ ನಲವತ್ತು ಸೆಕೆಂಡು. ಗುರುರಾಜರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಟ್ರಾಫಿಕ್ ಪೇದೆಗೆ ಕೈಮುಗಿದು, ಹೆರಿಗೆ ಕೇಸು ಸ್ವಾಮಿ, ಬಿಟ್ಟುಬಿಡಿ ಎಂದು ಕೂಗಿಕೊಂಡರು. ಪೇದೆ ಹಿಂದಿನ ಸೀಟನ್ನು ನೋಡುವ ಗೋಜಿಗೇ ಹೋಗಲಿಲ್ಲ. ಗುರುರಾಜರ ಮುಖ ನೋಡಿದ. ನೋವು ಅವರಿಗೇ ಬಂದಂತಿತ್ತು. ಸೀಟಿ ಊದಿ, ಬಸ್ಸನ್ನು ಹಿಂದೆ ಸರಿಸಿ, ನಾಲ್ಕೂ ಕಡೆ ನಿಲ್ಲಿಸಿ ದಾರಿ ಬಿಡಿಸಿಕೊಟ್ಟ. ಬೈಕಿನವರು ಪಕ್ಕಕ್ಕೆ ಸರಿದರು. ಒಬ್ಬ ಮುದುಕಿ ಫುಟ್‌ಪಾತಿನಿಂದಲೇ ಕೈ ಎತ್ತಿ ಹರಸಿದಳು. ಎರಡು ದಿಂಬನ್ನೂ ಒಂದು ರಗ್ಗನ್ನೂ ಹಲಸೂರು ಅಷ್ಟು ಗೌರವದಿಂದ ಹಿಂದೆಂದೂ ಬೀಳ್ಕೊಟ್ಟಿರಲಿಲ್ಲ.

ಆಸ್ಪತ್ರೆಯ ಗೇಟಿನೊಳಗೆ ಕಾರು ನುಗ್ಗಿಸಿ, ಎಂಜಿನ್ನು ಓಡುತ್ತಿರುವಂತೆಯೇ ಹ್ಯಾಂಡ್‌ಬ್ರೇಕ್ ಎಳೆದು, ಇಳಿದು ವೀಲ್‌ಚೇರ್ ವೀಲ್‌ಚೇರ್ ಎಂದು ಕೂಗಿದರು. ಆಯಾ ಗೋವಿಂದಮ್ಮ ವೀಲ್‌ಚೇರ್ ತಳ್ಳಿಕೊಂಡು ಓಡಿಬಂದಳು. ಹಿಂದೆ ಒಬ್ಬ ನರ್ಸು. ಗುರುರಾಜರು ಕಣ್ಣು ಮುಚ್ಚಿಕೊಂಡೇ ಹಿಂದಿನ ಬಾಗಿಲು ತೆರೆದು, ಮೆಲ್ಲಗೆ ಇಳಿಸಿ, ಇಬ್ಬರಿಗೂ ಎಚ್ಚರ ಇಲ್ಲ ಎಂದರು.

ಗೋವಿಂದಮ್ಮ ಬಗ್ಗಿದಳು. ರಗ್ಗು ಎತ್ತಿದಳು. ಒಂದು ದಿಂಬು ಎತ್ತಿದಳು. ಇನ್ನೊಂದು ದಿಂಬು ಎತ್ತಿದಳು.

"ಸಾರ್, ಪೇಶಂಟ್ ಎಲ್ಲಿ?"

ಗುರುರಾಜರು ಕಣ್ಣು ಬಿಟ್ಟು ನೋಡಿದರು. ಸೀಟಿನಲ್ಲಿ ಚೀಲವಿತ್ತು. ಮನುಷ್ಯರಾರೂ ಇರಲಿಲ್ಲ.

ಕೂತಾಯ್ತು ಎಂದದ್ದನ್ನು ಅವರ ಕಿವಿಯೇ ಕೇಳಿತ್ತು. ಕೂತವರು ಈಗ ಇಲ್ಲ. ಅಂದರೆ ದಾರಿಯಲ್ಲಿ ಬಾಗಿಲು ತೆರೆದುಕೊಂಡಿದೆ. ಎಲ್ಲಿ? ಎಂಬತ್ತಡಿ ರಸ್ತೆಯ ಆ ದೊಡ್ಡ ಹಂಪಿನಲ್ಲೇ? ಕೆರೆಯ ತಿರುವಿನಲ್ಲೇ? ತುಂಬು ಬಸುರಿ ಮಗಳು ರಸ್ತೆಯಲ್ಲಿ ಬಿದ್ದಿದ್ದಾಳೆ, ತಾನು ಅದಾವುದೂ ತಿಳಿಯದೆ ಮೀಸೆಯ ಕಥೆ ಹೇಳಿಕೊಂಡು ಬಂದಿದ್ದೇನೆ. ಗುರುರಾಜರು ಗೇಟಿನ ಕಡೆಗೆ ಓಡಲು ಹೋದರು. ಎದೆ ಡವಡವ ಎಂದು ಕಿವಿಯಲ್ಲೇ ಬಡಿಯತೊಡಗಿತು. ಆಸ್ಪತ್ರೆಯ ಗೋಡೆ, ತೆಂಗಿನ ಮರ, ಗೋವಿಂದಮ್ಮ, ಎಲ್ಲರೂ ಒಟ್ಟಿಗೆ ಓರೆಯಾದರು.

"ಇಲ್ಲಿದ್ದೀವಿ ರೀ."

ಮೆಟ್ಟಿಲ ಮೇಲೆ ಸೀತಾಲಕ್ಷ್ಮಿ ನಿಂತಿದ್ದರು. ಪಕ್ಕದಲ್ಲಿ ಮುಬೀನ್ ನೀರಿನ ಬಾಟಲಿ ಹಿಡಿದಿದ್ದ. ಅವರು ಬಂದು ಕಾಲು ಗಂಟೆಯಾಗಿತ್ತು. ಗುರುರಾಜರು ಹಿಂದಕ್ಕೆ ಕುಸಿದರು. ಹಿಂದೆ ವೀಲ್‌ಚೇರ್ ಇದ್ದದ್ದರಿಂದ ಅದರಲ್ಲೇ ಕುಸಿದರು. ಗೋವಿಂದಮ್ಮ ಅನುಭವಸ್ಥೆ. ಚೇರಿನಲ್ಲಿ ಯಾರು ಕೂತರೂ ಒಳಗೆ ತಳ್ಳಬೇಕೆಂಬುದು ಅವಳಿಗೆ ಗೊತ್ತು. ತಳ್ಳಿಕೊಂಡು ಹೊರಟಳು.

"ಆಫ್ ಮಾಡ್ಬೇಡಿ," ಎಂದರು ಗುರುರಾಜರು ಕಾರಿನ ಕಡೆ ಕೈಚಾಚಿ. "ಯಾರೂ ಆಫ್ ಮಾಡ್ಬೇಡಿ."

ಬಡಬಡಿಸ್ತಿದ್ದಾರೆ ಎಂದು ನರ್ಸು ಒಳಗೆ ಸುದ್ದಿ ಕೊಟ್ಟಳು. ಕಾವಲುಗಾರ ಒಳ್ಳೆಯ ಮನುಷ್ಯ; ಪಾಪ, ಪೆಟ್ರೋಲು ಸುಮ್ಮನೆ ಉರಿಯುತ್ತಿದೆ ಎಂದು ಕಾರು ಆಫ್ ಮಾಡಿ ಕೀಯನ್ನು ಜೋಪಾನವಾಗಿ ತಂದು ಕೌಂಟರಿನಲ್ಲಿ ಕೊಟ್ಟ. ಹತ್ತು ನಿಮಿಷದ ನಂತರ ಹಿಂದೆ ಬಂದ ಆಂಬುಲೆನ್ಸಿಗೆ ಜಾಗ ಬಿಡಲು ಮುಬೀನನೂ ಸೇರಿ ಆರು ಜನ ಅದನ್ನು ತಳ್ಳಬೇಕಾಯಿತು.

ಡಾಕ್ಟರಮ್ಮ ಚಿನ್ಮಯಿಯನ್ನು ಪರೀಕ್ಷೆ ಮಾಡಿ ನಕ್ಕರು. ಇದು ಸುಳ್ಳು ನೋವು, ಎಷ್ಟೋ ಜನರಿಗೆ ಬರುತ್ತದೆ, ಇನ್ನೂ ಹತ್ತು ದಿನವಾದರೂ ಇದೆ, ಮಗು ಚೆನ್ನಾಗಿದೆ, ಮನೆಗೆ ಹೋಗಿ ಸ್ವಲ್ಪ ಓಡಾಡಮ್ಮ ಎಂದರು. ಆಮೇಲೆ ಗುರುರಾಜರ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. ನಗಲಿಲ್ಲ. ಮತ್ತೊಮ್ಮೆ ನೋಡಿದರು. ಇನ್ನೊಬ್ಬ ಡಾಕ್ಟರನ್ನು ಕರೆಸಿದರು. ನೂರ ತೊಂಬತ್ತೆರಡು. ಇವರನ್ನು ಮನೆಗೆ ಕಳಿಸುವ ಹಾಗಿಲ್ಲ, ನಾಳೆ ಬೆಳಗಿನವರೆಗೆ ಇಲ್ಲೇ ಇರಲಿ ಎಂದರು.

ಹೆರಿಗೆ ಆಸ್ಪತ್ರೆಯಲ್ಲಿ ಗಂಡಸರಿಗೆಂದು ವಾರ್ಡು ಇರಲಿಲ್ಲ. ಚಿನ್ಮಯಿಗೆಂದು ಮೊದಲೇ ಕಾದಿರಿಸಿದ್ದ ಕೋಣೆಯಲ್ಲೇ ಅವರನ್ನು ಮಲಗಿಸಿದರು. ಗೋಡೆಯ ಮೇಲೆ ಹಾಲುಗಲ್ಲದ ಕೂಸುಗಳ ಕ್ಯಾಲೆಂಡರು. ಮಂಚದ ಪಕ್ಕ ಗುಲಾಬಿ ಬಣ್ಣದ ಪುಟ್ಟ ತೊಟ್ಟಿಲು. ಚೀಲದಲ್ಲಿದ್ದ ಟವೆಲ್ಲು, ದಿಂಬು, ರಗ್ಗು ಎಲ್ಲವೂ ಉಪಯೋಗಕ್ಕೆ ಬಂದವು. ಗೋವಿಂದಮ್ಮ ಅಭ್ಯಾಸಬಲದಿಂದ ತಲೆಗೆ ಬೆಚ್ಚಗೆ ಒಂದು ಬಟ್ಟೆಯನ್ನೂ ಕಟ್ಟಿಹೋದಳು. ಒಂಬತ್ತು ತಿಂಗಳ ಬಸುರಿ ಪಕ್ಕದ ಕುರ್ಚಿಯಲ್ಲಿ ಕೂತು ಅಪ್ಪನಿಗೆ ಕಿತ್ತಳೆ ಸುಲಿದು ಕೊಡುತ್ತಿದ್ದಳು.

ಗುರುರಾಜರು ಕಾರಿನಲ್ಲಿ ಹೇಳಿದ್ದನ್ನೆಲ್ಲ ಮತ್ತೆ ಮೊದಲಿನಿಂದ ಹೇಳಬೇಕೆಂದು ಗಂಟಲು ಸರಿಮಾಡಿಕೊಂಡರು. ಸೀತಾಲಕ್ಷ್ಮಿ ಕೈ ಎತ್ತಿ ತಡೆದರು.

"ನಂಗೆ ಗೊತ್ತಿತ್ತು ರೀ. ಕಾರು ಆಫ್ ಮಾಡೋಕೆ ನೀವು ಹೆದರೋದನ್ನ ಆರು ವಾರದಿಂದ ನೋಡ್ತಿದ್ದೀನಿ. ಅದಕ್ಕೇ ಮುಬೀನ್‌ಗೆ ಹೇಳಿಟ್ಟಿದ್ದೆ."

"ಹೇಳ್ಬಾರದಿತ್ತಾ?"

"ನೀವಾಗಿ ಹೇಳ್ತೀರಾ ಅಂತ ಕಾಯ್ತಿದ್ದೆ," ಎಂದರು ಅವರು. ದನಿಯಲ್ಲಿ ಕೋಪವಿರಲಿಲ್ಲ. ಅದು ಗುರುರಾಜರಿಗೆ ಇಂಜೆಕ್ಷನ್ನಿಗಿಂತ ಹೆಚ್ಚು ನೋವು ಕೊಟ್ಟಿತು. ಅವರು ಗೋಡೆಯ ಕಡೆ ತಿರುಗಿದರು. ಅಲ್ಲಿ ಕ್ಯಾಲೆಂಡರಿನ ಕೂಸು ನಗುತ್ತಿತ್ತು.

ಸಂಜೆ ಐದರ ಹೊತ್ತಿಗೆ ಸುದ್ದಿ ತಿಳಿದ ಅಸ್ಗರ್ ಹೊಸ ಸೆನ್ಸರ್ ಹಿಡಿದುಕೊಂಡು ಆಸ್ಪತ್ರೆಯ ಅಂಗಳಕ್ಕೇ ಬಂದ. ಹಾಕಲು ಹತ್ತು ನಿಮಿಷ ಸಾಕಾಯಿತು. ಊರು ಸುತ್ತಿ ಬಂದು, ಆಫ್ ಮಾಡಿ, ಕಾದು, ಆನ್ ಮಾಡಿ, ಹಾಗೆ ನಾಲ್ಕು ಸಲ ಪರೀಕ್ಷಿಸಿ, ಇನ್ನು ಬೆಂಕಿಯಲ್ಲಿಟ್ಟರೂ ಸ್ಟಾರ್ಟ್ ಆಗುತ್ತೆ ಸಾರ್ ಎಂದು ಕಿಟಕಿಯಿಂದ ಹೇಳಿಹೋದ. ಗುರುರಾಜರು ತಲೆಗೆ ಕಟ್ಟಿದ ಬಟ್ಟೆಯಡಿಯಿಂದ ತಲೆಯಾಡಿಸಿದರು.

ಅಷ್ಟರಲ್ಲಿ ಸೀತಾಲಕ್ಷ್ಮಿಯ ಫೋನು ಬಡಿದುಕೊಂಡಿತು. ತುಮಕೂರು. ಆಟೋದಲ್ಲಿ ಬರುವಾಗ, ಆಸ್ಪತ್ರೆಗೆ ಹೊರಟಿದ್ದೇವೆಂದು ಅವರೇ ಬೀಗಿತ್ತಿಗೆ ತಿಳಿಸಿದ್ದರು. ಆಮೇಲೆ ಈ ಗಲಾಟೆಯಲ್ಲಿ ಮರೆತೇಹೋಗಿತ್ತು. ಫೋನನ್ನು ಕಿವಿಗಿಡುವ ಮೊದಲೇ ಭಾಗ್ಯಲಕ್ಷ್ಮಿಯವರ ದನಿ ಕೋಣೆಯನ್ನೆಲ್ಲ ತುಂಬಿತು.

"ಎಷ್ಟು ಹೊತ್ತಿಂದ ಕಾಯ್ತಿದ್ದೀವಿ ಸೀತಾಲಕ್ಷ್ಮಿಯವ್ರೇ. ಆಸ್ಪತ್ರೆಗೇ ಫೋನ್ ಮಾಡಿದ್ವಿ. ಅಡ್ಮಿಟ್ ಆಗಿದ್ದಾರೆ, ಎಲ್ಲಾ ಆರಾಮಾಗಿದೆ ಅಂದ್ರು. ಗಂಡೋ, ಹೆಣ್ಣೋ?"

ಸೀತಾಲಕ್ಷ್ಮಿ ಮಂಚದ ಕಡೆ ನೋಡಿದರು. ಗುರುರಾಜರು ಎರಡೂ ಕೈ ಜೋಡಿಸಿ, ಬೇಡ ಎಂದು ತಲೆಯಲ್ಲಾಡಿಸುತ್ತಿದ್ದರು.

"ಎರಡೂ ಅಲ್ಲ," ಎಂದರು ಸೀತಾಲಕ್ಷ್ಮಿ. "ಗಂಡ. ತೂಕ ಎಪ್ಪತ್ತೆಂಟು ಕೆಜಿ."